ಮಡಚು ಚಾಕು: ಗುಣಮಟ್ಟದ ಪರೀಕ್ಷೆ ಮತ್ತು ಮೂಲ ದೇಶದ ಘೋಷಣೆ

ಶಿವಮೊಗ್ಗ ಮತ್ತು ಭದ್ರಾವತಿಯ ಹಾರ್ಡ್‌ವೇರ್ ಹಾಗೂ ಕೃಷಿ ಸಲಕರಣೆಗಳ ಮಳಿಗೆಗಳಲ್ಲಿ ಮಡಚು ಚಾಕು ಒಂದು ಸಣ್ಣ ಬಾಬತ್ತು. ತೋಟದ ಕೆಲಸದವರು, ಕಸಿ ಕಟ್ಟುವವರು, ವಿದ್ಯುತ್ ಕೆಲಸಗಾರರು, ಪ್ರವಾಸಿಗರು ಇದನ್ನು ಕೊಳ್ಳುತ್ತಾರೆ. ನೋಡಲು ಒಂದೇ ಬಗೆಯ ಎರಡು ಚಾಕುಗಳ ಬೆಲೆಯಲ್ಲಿ ಹತ್ತು ಪಟ್ಟು ಅಂತರವಿರುವುದುಂಟು. ಈ ಅಂತರಕ್ಕೆ ಮಾರಾಟ ಪ್ರತಿನಿಧಿಗಳು ಕೊಡುವ ಸಮರ್ಥನೆ ಬಹುಮಟ್ಟಿಗೆ ಒಂದೇ: "ಇದು ಜರ್ಮನಿಯ ಮಾಲು", "ಇದು ಸ್ವಿಸ್ ಮಾಲು". ಗ್ರಾಹಕನೂ ಆ ಮಾತನ್ನು ನಂಬಿಯೇ ಹೆಚ್ಚಿನ ಹಣ ತೆರುತ್ತಾನೆ. ಮಾತು ಸುಳ್ಳೆಂದು ತಿಳಿದ ದಿನ ಅವನು ಹುಡುಕಿಕೊಂಡು ಬರುವುದು ಬಿಲ್ಲು ಕೊಟ್ಟ ಅಂಗಡಿಯನ್ನೇ.

ಆದುದರಿಂದ ಇಂತಹ ಸರಕನ್ನು ಕೊಳ್ಳುವ ವರ್ತಕರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳುವುದು ಅಗತ್ಯ. ಚಾಕು ಒಳ್ಳೆಯದೇ? ಅದು ಎಲ್ಲಿ ತಯಾರಾಯಿತು? ಮೊದಲನೆಯ ಪ್ರಶ್ನೆಗೆ ಅಲಗನ್ನು ಪರೀಕ್ಷಿಸಿ ಉತ್ತರ ಪಡೆಯಬೇಕು. ಎರಡನೆಯದಕ್ಕೆ ಕಾಗದಪತ್ರಗಳನ್ನು ನೋಡಿ ಉತ್ತರ ಪಡೆಯಬೇಕು. ಒಂದರ ಉತ್ತರವನ್ನು ಇನ್ನೊಂದಕ್ಕೆ ಹೊಂದಿಸುವುದರಿಂದಲೇ ಬಹಳಷ್ಟು ನಷ್ಟ ಮತ್ತು ತಕರಾರು ಹುಟ್ಟುತ್ತವೆ.

ಊರಿನ ಹೆಸರಿಗೆ ಬೆಲೆ ಬಂದ ಬಗೆ

ಚಾಕುಗಳ ವ್ಯಾಪಾರದಲ್ಲಿ ಊರಿನ ಹೆಸರಿನ ಕಲಹ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಚಾಕು ಕತ್ತರಿಗಳಿಗೆ ಹೆಸರಾಗಿತ್ತು. ಜರ್ಮನಿಯ ಜೋಲಿಂಗನ್‌ನಲ್ಲಿ ತಯಾರಾದ ಸರಕಿನ ಮೇಲೆ ಶೆಫೀಲ್ಡ್ ಎಂದು ಮುದ್ರೆಯೊತ್ತಿ ಮಾರುತ್ತಿದ್ದಾರೆಂದು ಅಲ್ಲಿನ ತಯಾರಕರು ದೂರಿದರು. 1887ರಲ್ಲಿ ಬ್ರಿಟಿಷ್ ಸಂಸತ್ತು ಸರಕು ಮುದ್ರೆಗಳ ಕಾಯಿದೆಯನ್ನು ತಂದಿತು. "ಮೇಡ್ ಇನ್ ಜರ್ಮನಿ" ಎಂಬ ಬರಹ ವ್ಯಾಪಕವಾದದ್ದು ಅದರ ಫಲವಾಗಿ. ಕೊಳ್ಳುವವರಿಗೆ ಎಚ್ಚರಿಕೆಯಾಗಲೆಂದು ಹಾಕಿಸಿದ ಆ ಬರಹವನ್ನು ಜರ್ಮನಿಯ ತಯಾರಕರು ಕೆಲವೇ ದಶಕಗಳಲ್ಲಿ ತಮ್ಮ ಕೀರ್ತಿಯ ಗುರುತಾಗಿ ಬದಲಿಸಿಕೊಂಡರು. 1938ರಿಂದ ಜೋಲಿಂಗನ್ ಎಂಬ ಹೆಸರಿಗೇ ಅಲ್ಲಿ ಕಾನೂನಿನ ರಕ್ಷಣೆ ಇದೆ. ಭಾರತದಲ್ಲಿ 1889ರಲ್ಲಿ ಇದೇ ಮಾದರಿಯ ಕಾಯಿದೆ ಬಂದಿತು.

ಇದಕ್ಕೂ ಹಿಂದಿನ ಒಂದು ನಿದರ್ಶನ ಕನ್ನಡಿಗರಿಗೆ ಹತ್ತಿರದ್ದು. ದಕ್ಷಿಣ ಭಾರತದ ಮೂಸೆಯ ಉಕ್ಕು ಯುರೋಪಿನಲ್ಲಿ "ವೂಟ್ಸ್" ಎಂದು ಪ್ರಸಿದ್ಧವಾಯಿತು. ಆ ಶಬ್ದದ ಮೂಲ ಕನ್ನಡದ "ಉಕ್ಕು" ಎಂಬುದು ವಿದ್ವಾಂಸರಲ್ಲಿ ಬಳಕೆಯಲ್ಲಿರುವ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಉಕ್ಕಿನ ಬಗ್ಗೆ ಬರೆದ ಪ್ರಬಂಧದ ಶೀರ್ಷಿಕೆಯಲ್ಲಿ ಇದು ಮುಂಬಯಿಯಲ್ಲಿ ತಯಾರಾದದ್ದೆಂದಿದೆ. ಮುಂಬಯಿ ಆ ಮಾದರಿಗಳನ್ನು ಕಳುಹಿಸಿದ ರೇವು ಪಟ್ಟಣ. ಉಕ್ಕು ಕಾಯಿಸುತ್ತಿದ್ದ ಹೆಸರಾಂತ ಕುಲುಮೆಗಳು ಇದ್ದುದು ಮೈಸೂರು, ತೆಲಂಗಾಣ, ಸೇಲಂ ಸೀಮೆಗಳಲ್ಲಿ. ಅದೇ ಉಕ್ಕಿನ ಕತ್ತಿಗಳು ಪಶ್ಚಿಮದಲ್ಲಿ ದಮಾಸ್ಕಸ್ ಎಂಬ ಪೇಟೆಯ ಹೆಸರಿನಿಂದ ಖ್ಯಾತವಾದವು. ಸರಕು ಹಡಗು ಹತ್ತಿದ ಊರು, ಮಾರಾಟವಾದ ಊರು ಹಾಗೂ ತಯಾರಾದ ಊರು ಬೇರೆ ಬೇರೆಯಾಗಿರಬಹುದು ಎಂಬ ಪಾಠ ಇಲ್ಲಿದೆ. ಇಂದಿನ ಡಬ್ಬದ ಮೇಲಿನ ಬರಹವನ್ನೂ ಇದೇ ಎಚ್ಚರದಿಂದ ಓದಬೇಕಾಗುತ್ತದೆ.

ಅಲಗಿನ ಉಕ್ಕು ಮತ್ತು ಅದರ ಹದ

ಚಾಕುವಿನ ಗುಣ ಮೊದಲಿಗೆ ಅಲಗಿನ ಉಕ್ಕನ್ನು ಅವಲಂಬಿಸಿದೆ. ಇಂಗಾಲ ಹೆಚ್ಚಿದಷ್ಟೂ ಅಲಗನ್ನು ಗಡಸುಗೊಳಿಸಬಹುದು. ಕ್ರೋಮಿಯಂ ಹೆಚ್ಚಿದಷ್ಟೂ ತುಕ್ಕು ತಡೆಯುವ ಗುಣ ಬರುತ್ತದೆ. ಅಗ್ಗದ ಚಾಕುಗಳಲ್ಲಿ ಬಳಕೆಯಾಗುವ 420 ವರ್ಗದ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.4ರ ಒಳಗೆ ಇರುತ್ತದೆ. 440ಎ ಉಕ್ಕಿನಲ್ಲಿ ಇದು ಶೇ. 0.60ರಿಂದ 0.75, 440ಸಿ ಉಕ್ಕಿನಲ್ಲಿ ಶೇ. 0.95ರಿಂದ 1.20. ಅಲಗಿನ ಮೇಲೆ ಬರೀ "440" ಎಂದಿದ್ದರೆ ಅದು ಎ, ಬಿ, ಸಿ ಪೈಕಿ ಯಾವುದೆಂದು ಪೂರೈಕೆದಾರರನ್ನು ಲಿಖಿತವಾಗಿ ಕೇಳತಕ್ಕದ್ದು.

ಉಕ್ಕಿನ ದರ್ಜೆಯಷ್ಟೇ ಮುಖ್ಯವಾದದ್ದು ಹದ. ಎರಕ ಮತ್ತು ಯಂತ್ರಭಾಗಗಳ ಕೆಲಸದಲ್ಲಿ ಪಳಗಿದ ಶಿವಮೊಗ್ಗದ ಕೈಗಾರಿಕೋದ್ಯಮಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಉತ್ತಮ ದರ್ಜೆಯ ಉಕ್ಕೂ ಹದ ತಪ್ಪಿದರೆ ಬಾಯಿ ಮುಕ್ಕಾಗುತ್ತದೆ ಅಥವಾ ಮಡಿಯುತ್ತದೆ. ಸಾಧಾರಣ ಉಕ್ಕು ಸರಿಯಾಗಿ ಹದಗೊಂಡರೆ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ನಿತ್ಯ ಬಳಕೆಯ ತುಕ್ಕುರಹಿತ ಚಾಕುಗಳ ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ ಸಾಮಾನ್ಯವಾಗಿ 54ರಿಂದ 58ರ ನಡುವೆ ಇರುತ್ತದೆ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ಒಂದೆರಡು ಚಾಕುಗಳನ್ನು ಪ್ರಯೋಗಾಲಯಕ್ಕೆ ಕೊಟ್ಟು ಈ ಅಂಕಿಯನ್ನು ಪಡೆಯುವುದು ಲಾಭದಾಯಕ.

ಸ್ಥಳೀಯ ಬಳಕೆಯನ್ನೂ ಗಮನಿಸಬೇಕು. ಸಾದಾ ಇಂಗಾಲದ ಉಕ್ಕಿನ ಅಲಗು ಸಾಣೆಗೆ ಬೇಗ ಬಗ್ಗುತ್ತದೆ, ಆದರೆ ಅಡಕೆಯ ಚೊಗರು ತಗುಲಿದರೆ ಕಪ್ಪಾಗುತ್ತದೆ. ಇದು ದೋಷವಲ್ಲ, ಉಕ್ಕಿನ ಸ್ವಭಾವ. ಮಾರುವಾಗಲೇ ಗ್ರಾಹಕನಿಗೆ ಇದನ್ನು ತಿಳಿಸಿದರೆ ಸರಕು ಹಿಂದಿರುಗುವುದಿಲ್ಲ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳು

ಪ್ರತಿನಿಧಿ ತೋರಿಸುವ ಮಾದರಿಯನ್ನು ಮಾತ್ರ ನೋಡಿ ತೀರ್ಮಾನಿಸಬಾರದು. ಬಂದ ಸರಕಿನ ಬೇರೆ ಬೇರೆ ಪೆಟ್ಟಿಗೆಗಳಿಂದ ನಾಲ್ಕೈದು ಚಾಕುಗಳನ್ನು ಆರಿಸಿ ಈ ಕ್ರಮದಲ್ಲಿ ಪರೀಕ್ಷಿಸಬಹುದು.

1. ಚಾಕುವನ್ನು ಮಡಚಿ ಮೇಲಿನಿಂದ ನೋಡುವುದು. ಅಲಗು ಹಿಡಿಯ ನಡುವೆ ಕೂರಬೇಕು. ಒಂದು ಬದಿಗೆ ತಾಗಿದ್ದರೆ ಕೀಲಿನ ಜೋಡಣೆ ಸರಿಯಿಲ್ಲ.

2. ಪೂರ್ತಿ ಬಿಚ್ಚಿ ಅಲಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುವುದು. ಹೊಸ ಚಾಕುವಿನಲ್ಲಿಯೇ ಅಲುಗಾಟವಿದ್ದರೆ ಅದು ಬಳಕೆಯಿಂದ ಹೆಚ್ಚುತ್ತದೆ.

3. ಲಾಕ್ ಇರುವ ಚಾಕುವಾದರೆ, ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟುಕೊಂಡು ಅಲಗಿನ ಬೆನ್ನನ್ನು ಮರದ ತುಂಡಿನ ಮೇಲೆ ಒತ್ತುವುದು. ಲಾಕ್ ಜಾರಿದ ಚಾಕುವನ್ನು ಯಾವ ಬೆಲೆಗೂ ಮಾರಬಾರದು. ಅದು ಕೊಂಡವನ ಬೆರಳನ್ನು ಕತ್ತರಿಸುತ್ತದೆ.

4. ಕಾಗದ ಕತ್ತರಿಸಿ, ನಂತರ ರಟ್ಟನ್ನೋ ಹಗ್ಗವನ್ನೋ ಐವತ್ತು ಬಾರಿ ಕತ್ತರಿಸಿ, ಮತ್ತೆ ಕಾಗದ ಕತ್ತರಿಸುವುದು. ಕಾರ್ಖಾನೆಯ ಮೊದಲ ಹರಿತ ಯಾವ ಚಾಕುವಿಗೂ ಬರುತ್ತದೆ. ಅದು ಉಳಿಯುತ್ತದೆಯೇ ಎಂಬುದೇ ಪರೀಕ್ಷೆ.

5. ಅಯಸ್ಕಾಂತ ಹಿಡಿಯುವುದು. ಗಡಸುಗೊಳಿಸಬಲ್ಲ ತುಕ್ಕುರಹಿತ ಉಕ್ಕು ಅಯಸ್ಕಾಂತಕ್ಕೆ ಬಲವಾಗಿ ಅಂಟುತ್ತದೆ. ಪಾತ್ರೆಗಳಿಗೆ ಬಳಸುವ 304 ಉಕ್ಕು ಅಂಟುವುದಿಲ್ಲ, ಅಥವಾ ಸ್ವಲ್ಪ ಮಾತ್ರ ಅಂಟುತ್ತದೆ. ಅದು ಶಾಖದಿಂದ ಗಡಸಾಗುವುದಿಲ್ಲವಾದ್ದರಿಂದ ಅಲಗಿಗೆ ತಕ್ಕುದಲ್ಲ.

6. ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ಒಂದು ರಾತ್ರಿ ಸುತ್ತಿಡುವುದು. ತುಕ್ಕುರಹಿತವೆಂದು ಬರೆದ ಅಲಗಿನಲ್ಲಿ ಬೆಳಿಗ್ಗೆ ಕೆಂಪು ಕಲೆಗಳು ಹರಡಿದ್ದರೆ ಪೂರೈಕೆದಾರರಿಂದ ವಿವರಣೆ ಪಡೆಯಬೇಕು.

ಈ ಯಾವ ಪರೀಕ್ಷೆಯೂ ಚಾಕು ಯಾವ ದೇಶದ್ದೆಂದು ಹೇಳುವುದಿಲ್ಲ. ಚೀನಾದ ಯಾಂಗ್‌ಜಿಯಾಂಗ್, ಜಪಾನಿನ ಸೆಕಿ, ಇಟಲಿಯ ಮಾನಿಯಾಗೊ ಇವೆಲ್ಲ ಚಾಕು ತಯಾರಿಕೆಯ ಕೇಂದ್ರಗಳು. ಚೀನಾದಿಂದ ಅತಿ ಅಗ್ಗದ ಚಾಕುವೂ ಬರುತ್ತದೆ, ಅತ್ಯುತ್ತಮವಾದುದೂ ಬರುತ್ತದೆ.

ಡಬ್ಬದ ಮೇಲಿನ ಮಾತುಗಳ ಅರ್ಥ

ಎರಡನೆಯ ಪ್ರಶ್ನೆಗೆ ಬಂದರೆ, ಡಬ್ಬದ ಮೇಲಿನ ಅನೇಕ ಮಾತುಗಳು ಮೂಲ ದೇಶವನ್ನು ಹೇಳಿದಂತೆ ಕಾಣುತ್ತವೆ, ಆದರೆ ಹೇಳುವುದಿಲ್ಲ.

"ಜರ್ಮನ್ ಸ್ಟೀಲ್" ಎಂದರೆ, ಮಾತು ನಿಜವಾದರೂ, ತಗಡು ಮಾತ್ರ ಅಲ್ಲಿಂದ ಬಂದಿದೆ ಎಂದರ್ಥ. "ಸ್ವಿಸ್ ಡಿಸೈನ್" ಎಂದರೆ ನಕ್ಷೆ ಮಾತ್ರ ಅಲ್ಲಿಯದು. "ರೋಸ್ಟ್‌ಫ್ರೈ" ಮತ್ತು "ಇನಾಕ್ಸ್" ಎಂಬವು ಯಾವ ದೇಶದ ಹೆಸರೂ ಅಲ್ಲ. ಮೊದಲನೆಯದು ಜರ್ಮನ್ ಭಾಷೆಯಲ್ಲಿ, ಎರಡನೆಯದು ಫ್ರೆಂಚ್ ಮೂಲದಿಂದ, ತುಕ್ಕುರಹಿತ ಎಂದಷ್ಟೇ ಹೇಳುತ್ತವೆ. ಸ್ವಿಟ್ಜರ್ಲೆಂಡಿನ ಇಬಾಖ್‌ನಲ್ಲಿ 1884ರಲ್ಲಿ ಕಾರ್ಲ್ ಎಲ್ಸನರ್ ಆರಂಭಿಸಿದ ಸಂಸ್ಥೆ 1921ರಲ್ಲಿ ವಿಕ್ಟೋರಿನಾಕ್ಸ್ ಎಂಬ ಹೆಸರು ಪಡೆದದ್ದು ವಿಕ್ಟೋರಿಯಾ ಮತ್ತು ಇನಾಕ್ಸ್ ಸೇರಿಸಿ. ಫ್ರಾನ್ಸಿನ ಲಾಯೋಲ್ ಎಂಬ ಊರಿನ ಹೆಸರು ಹೊತ್ತ ಮಡಚು ಚಾಕುಗಳು ಏಷ್ಯಾದ ಕಾರ್ಖಾನೆಗಳಿಂದಲೂ ಬರುತ್ತವೆ. ಆ ಹೆಸರೊಂದರಿಂದಲೇ ಮೂಲ ದೇಶ ನಿರ್ಧಾರವಾಗುವುದಿಲ್ಲ.

ಬಾರ್‌ಕೋಡ್ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 890ರಿಂದ ಆರಂಭವಾದ ಸಂಖ್ಯೆ ಭಾರತದ ಬಾರ್‌ಕೋಡ್ ಸಂಸ್ಥೆಯಿಂದ ಪಡೆದದ್ದೆಂದು ಮಾತ್ರ ತಿಳಿಸುತ್ತದೆ. ಹೊರದೇಶದಲ್ಲಿ ತಯಾರಾದ ಚಾಕುವಿಗೂ ಭಾರತದ ಕಂಪನಿ ಇದೇ ಸಂಖ್ಯೆ ಹಾಕಬಹುದು.

ಕೆಲವು ದೇಶಗಳಲ್ಲಿ ಮೂಲದ ಮಾತಿಗೆ ಅಳತೆಗೋಲು ಇದೆ. 2017ರ ಜನವರಿ 1ರಿಂದ ಜಾರಿಯಲ್ಲಿರುವ ಸ್ವಿಸ್ ಕಾನೂನಿನಂತೆ, ಕೈಗಾರಿಕಾ ವಸ್ತುವಿನ ತಯಾರಿಕಾ ವೆಚ್ಚದ ಶೇ. 60 ಭಾಗವಾದರೂ ಅಲ್ಲಿ ಆಗಿರಬೇಕು, ತಯಾರಿಕೆಯ ಮುಖ್ಯ ಹಂತವೂ ಅಲ್ಲಿ ನಡೆದಿರಬೇಕು.

ಕಾನೂನು ಮತ್ತು ಕಾಗದಪತ್ರ

ಭಾರತದಲ್ಲಿ 2011ರ ಕಾನೂನು ಮಾಪನ ಶಾಸ್ತ್ರ (ಪೊಟ್ಟಣ ಸರಕುಗಳ) ನಿಯಮಗಳ ಪ್ರಕಾರ, ಆಮದಾದ ಪೊಟ್ಟಣ ಸರಕಿನ ಮೇಲೆ ಆಮದುದಾರರ ಹೆಸರು, ವಿಳಾಸ ಮತ್ತು ಮೂಲ ದೇಶ ನಮೂದಾಗಿರಬೇಕು. ಗರಿಷ್ಠ ಮಾರಾಟ ಬೆಲೆ ಮತ್ತು ಗ್ರಾಹಕರ ದೂರಿಗೆ ಸಂಪರ್ಕ ವಿವರವೂ ಇರತಕ್ಕದ್ದು. "ಮಾರಾಟ ಮಾಡುವವರು" ಎಂಬ ಸಾಲಿನಲ್ಲಿ ಬೆಂಗಳೂರಿನದೋ ದೆಹಲಿಯದೋ ವಿಳಾಸವಿದ್ದು ತಯಾರಕರ ಹೆಸರಾಗಲಿ ಆಮದುದಾರರ ಹೆಸರಾಗಲಿ ಇಲ್ಲದಿದ್ದರೆ ಅದು ಅಪೂರ್ಣ ಘೋಷಣೆ.

1999ರ ವ್ಯಾಪಾರ ಮುದ್ರೆಗಳ ಕಾಯಿದೆಯಂತೆ ಸರಕು ತಯಾರಾದ ದೇಶ ಅಥವಾ ಸ್ಥಳದ ಬಗ್ಗೆ ತಪ್ಪು ಹೇಳುವುದು ಸುಳ್ಳು ವ್ಯಾಪಾರ ವಿವರಣೆ ಎನಿಸುತ್ತದೆ. ಹಾಗೆ ಬರೆದವರಂತೆಯೇ ಅಂತಹ ಸರಕನ್ನು ಮಾರಾಟಕ್ಕಿಟ್ಟವರೂ ಹೊಣೆಗಾರರು. ಆದರೆ 104ನೆಯ ಪ್ರಕರಣ ಪ್ರಾಮಾಣಿಕ ವರ್ತಕರಿಗೆ ರಕ್ಷಣೆ ಕೊಡುತ್ತದೆ: ತಕ್ಕ ಮುನ್ನೆಚ್ಚರಿಕೆ ವಹಿಸಿದ್ದು, ಸಂಶಯಕ್ಕೆ ಕಾರಣವಿರಲಿಲ್ಲವೆಂದು ತೋರಿಸಿ, ಸರಕು ಕೊಟ್ಟವರ ವಿವರವನ್ನು ಕೇಳಿದಾಗ ಒದಗಿಸಿದರೆ ಅದು ಸಮರ್ಥನೆಯಾಗುತ್ತದೆ. ಬಿಲ್ಲಿಲ್ಲದೆ ಕೊಂಡ ಸರಕಿಗೆ ಈ ರಕ್ಷಣೆ ದೊರೆಯುವುದು ಕಷ್ಟ.

ಆದಕಾರಣ ಪೂರೈಕೆದಾರರಿಂದ ಮೂರು ಕಾಗದಗಳನ್ನು ಪಡೆದಿಡುವುದು ಕ್ಷೇಮ. ಒಂದು, ಚಾಕುವಿನ ಮಾದರಿ ಸಂಖ್ಯೆ ಇರುವ ತೆರಿಗೆ ಬಿಲ್ಲು. ಎರಡು, ಉಕ್ಕಿನ ದರ್ಜೆ ಮತ್ತು ಮೂಲ ದೇಶವನ್ನು ತಿಳಿಸುವ ಸಹಿ ಮಾಡಿದ ಪತ್ರ. ಮೂರು, ಆಮದು ಸರಕಾದರೆ ಬಿಲ್ ಆಫ್ ಎಂಟ್ರಿಯ ಪ್ರತಿ. ಆ ಬಿಲ್ಲಿನಲ್ಲಿ ಮೂಲ ದೇಶವೂ ಸುಂಕದ ಶೀರ್ಷಿಕೆಯೂ ಇರುತ್ತವೆ. ಮಡಚು ಚಾಕುಗಳ ಶೀರ್ಷಿಕೆ 8211 93. ಬೆಲೆಯ ಗುಟ್ಟು ಬಿಡಲೊಲ್ಲದ ಆಮದುದಾರರು ದರದ ಅಂಕಣವನ್ನು ಮುಚ್ಚಿ ಪ್ರತಿ ಕೊಡಬಹುದು. ಮೂಲ ದೇಶದ ಅಂಕಣವನ್ನೂ ಮುಚ್ಚಿ ಕೊಡುವವರಿಂದ ಕೊಳ್ಳದಿರುವುದೇ ಲೇಸು.

ಸ್ಥಳೀಯ ತಯಾರಕರು ಏನು ಬರೆಯಬೇಕು?

ಇದೇ ನಿಯಮ ಸ್ಥಳೀಯ ತಯಾರಕರಿಗೂ ಅನ್ವಯಿಸುತ್ತದೆ. ಉದಾಹರಣೆಗೆ, ಮಾಚೇನಹಳ್ಳಿಯ ಒಂದು ಸಣ್ಣ ಘಟಕ ಹೊರದೇಶದ ಸಿದ್ಧ ಅಲಗನ್ನು 110 ರೂಪಾಯಿಗೆ ತರಿಸಿ, ಹಿಡಿ, ಕೀಲು, ಜೋಡಣೆಗಳನ್ನು ಇಲ್ಲಿಯೇ ಮಾಡಿ, ತೆರಿಗೆ ಬಿಟ್ಟು 200 ರೂಪಾಯಿಗೆ ಮಾರುತ್ತದೆ ಎನ್ನೋಣ. ಆಮದು ಭಾಗ ಕಳೆದರೆ ಸ್ಥಳೀಯ ಮೌಲ್ಯ 90 ರೂಪಾಯಿ, ಅಂದರೆ ಶೇ. 45. ಕೇಂದ್ರ ಸರ್ಕಾರದ ಖರೀದಿ ಆದೇಶದ 2020ರ ಪರಿಷ್ಕರಣೆಯಂತೆ ಶೇ. 50 ಅಥವಾ ಹೆಚ್ಚು ಇದ್ದರೆ ಮೊದಲ ವರ್ಗದ ಸ್ಥಳೀಯ ಪೂರೈಕೆದಾರ, ಶೇ. 20ರಿಂದ 50ರ ಒಳಗೆ ಇದ್ದರೆ ಎರಡನೆಯ ವರ್ಗ. ಈ ಘಟಕ ಎರಡನೆಯ ವರ್ಗಕ್ಕೆ ಸೇರುತ್ತದೆ. ಈ ಲೆಕ್ಕ ಸರ್ಕಾರಿ ಖರೀದಿಗೆ ಸಂಬಂಧಿಸಿದ್ದು. ಚಿಲ್ಲರೆ ಡಬ್ಬದ ಮೇಲೆ "ಆಮದು ಅಲಗು, ಶಿವಮೊಗ್ಗದಲ್ಲಿ ಜೋಡಣೆ" ಎಂದು ಇದ್ದುದನ್ನು ಇದ್ದಂತೆ ಬರೆಯುವುದೇ ನಿರಪಾಯ.

ಭದ್ರಾವತಿಯ ಹೆಸರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ 1918ರಲ್ಲಿ ಆರಂಭಗೊಂಡು 1923ರಲ್ಲಿ ಉತ್ಪಾದನೆಗೆ ಇಳಿದ ಕಬ್ಬಿಣದ ಕಾರ್ಖಾನೆ ಈ ಊರಿನ ಹೆಸರನ್ನು ಉಕ್ಕಿನೊಂದಿಗೆ ಬೆಸೆಯಿತು. 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಕೈಗೊಂಡಾಗ ಜಿಲ್ಲೆಯೆಲ್ಲ ಮಿಡಿದದ್ದು ಈ ಕಾರಣಕ್ಕೇ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ ಕತ್ತಿಯನ್ನು "ಭದ್ರಾವತಿ ಉಕ್ಕು" ಎಂದು ಮಾರಿದರೆ, ಕತ್ತಿ ಉತ್ತಮವಾಗಿದ್ದರೂ ಮಾತು ಸುಳ್ಳಾಗುತ್ತದೆ. ಸ್ಪ್ರಿಂಗ್ ಪಟ್ಟಿಯ ಉಕ್ಕು ಕತ್ತಿಗೆ ಒಗ್ಗುವಂತಹದು, ಅದನ್ನು ಮರೆಮಾಚಬೇಕಾಗಿಲ್ಲ. ಮೇರಠದ ಕತ್ತರಿಗಳು ಹಳೆಯ ವಾಹನಗಳ ಉಕ್ಕಿನಿಂದಲೇ ತಯಾರಾಗುತ್ತವೆ. ಆ ಕಸುಬಿಗೆ 2013ರಲ್ಲಿ ಭೌಗೋಳಿಕ ಸೂಚಕದ ನೋಂದಣಿಯೂ ದೊರೆಯಿತು. ಕೈಕೆಲಸ ಎಲ್ಲಿಯದೋ ಆ ಊರಿನ ಹೆಸರನ್ನು ಹಾಕುವುದಕ್ಕೆ ಅಡ್ಡಿಯಿಲ್ಲ. ಉಕ್ಕು ಇಂತಹ ಕಾರ್ಖಾನೆಯದೆಂದು ಹೇಳುವವರು ಮಾತ್ರ ಆ ಕಾರ್ಖಾನೆಯ ಪರೀಕ್ಷಾ ಪತ್ರವನ್ನು ತೋರಿಸಲು ಸಿದ್ಧರಿರಬೇಕು.

ಹೊರದೇಶಕ್ಕೆ ಕಳುಹಿಸುವ ಸರಕಿಗೆ ಮೂಲ ಪ್ರಮಾಣಪತ್ರ ನೀಡುವವರಲ್ಲಿ ಅಧಿಕಾರ ಪಡೆದ ವಾಣಿಜ್ಯ ಸಂಸ್ಥೆಗಳೂ ಸೇರಿವೆ. ಸದಸ್ಯರ ಲೆಕ್ಕಪತ್ರ ಸರಿಯಿದ್ದರೆ ಮಾತ್ರ ಅಂತಹ ಪತ್ರಕ್ಕೆ ಬೆಲೆ. ಶೆಫೀಲ್ಡ್‌ನ ಹೆಸರನ್ನು ಕದ್ದವರು ಹೊರಗಿನವರು. ಭದ್ರಾವತಿ, ಶಿವಮೊಗ್ಗಗಳ ಹೆಸರು ಕೆಡುವುದಾದರೆ ಅದು ಇಲ್ಲಿಯವರ ಬಿಲ್ಲುಗಳಿಂದಲೇ ಕೆಟ್ಟೀತು. ಉಳಿಯುವುದಾದರೂ ಇಲ್ಲಿಯವರ ಬಿಲ್ಲುಗಳಿಂದಲೇ ಉಳಿದೀತು. ವರ್ತಕ ಬಾಂಧವರು ಮುಂದಿನ ಸರಕು ತರಿಸುವಾಗ ಅಲಗನ್ನು ಪರೀಕ್ಷಿಸಿ, ಕಾಗದವನ್ನು ಕೇಳಿ ಪಡೆದು, ತಮಗೆ ಖಚಿತವಾಗಿ ತಿಳಿದಷ್ಟನ್ನೇ ಗ್ರಾಹಕರಿಗೆ ಹೇಳುವುದು ಉಚಿತ.