ಅಂಗಳದ ಮಣ್ಣು ಕಾಯುವ ನೆಲಹೊದಿಕೆ ಸಸ್ಯಗಳು ಮತ್ತು ಅಲಂಕಾರದ ಹುಲ್ಲುಗಳು

ಹೊಲಕ್ಕೆ ಬದು ಹಾಕಿ ಮಣ್ಣು ಕಾಯುವ ರೈತರ ಮನೆಯಂಗಳದಲ್ಲಿಯೇ ಮಣ್ಣು ಕೊಚ್ಚಿಹೋಗುವುದನ್ನು ಅನೇಕ ಹಳ್ಳಿಗಳಲ್ಲಿ ಕಾಣಬಹುದು. ಮನೆ ಕಟ್ಟಿದಾಗ ನೆಲದ ಮಟ್ಟಕ್ಕಿದ್ದ ಕಲ್ಲುಚಪ್ಪಡಿ ಕೆಲವು ವರ್ಷಗಳಲ್ಲಿ ಗೇಣುದ್ದ ಮೇಲೆದ್ದಂತೆ ತೋರುತ್ತದೆ. ತೆಂಗಿನ ಬುಡದ ಬೇರು ಹೊರಗೆ ಬೀಳುತ್ತದೆ. ಪಾಯದ ಕಲ್ಲು ಇಣುಕುತ್ತದೆ. ಸುತ್ತಲಿನ ಮಣ್ಣು ಕೆಳಗಿಳಿದಿರುವುದೇ ಇದಕ್ಕೆಲ್ಲ ಕಾರಣ.

ಇದನ್ನು ತಡೆಯಲು ಸುಲಭವಾದ ಮಾರ್ಗವೆಂದರೆ ನೆಲಕ್ಕೆ ಹಬ್ಬುವ ಸಸ್ಯಗಳನ್ನೂ ಪೊದೆಯಾಗಿ ಬೆಳೆಯುವ ಹುಲ್ಲುಗಳನ್ನೂ ನೆಡುವುದು. ಇವು ಮನೆಗೆ ಅಂದವನ್ನೂ ತರುತ್ತವೆ. ಆದರೆ ಪಟ್ಟಣದ ಉದ್ಯಾನಕ್ಕೆ ಒಪ್ಪುವ ಎಲ್ಲ ಸಸ್ಯಗಳೂ ರೈತರ ಹಿತ್ತಲಿಗೆ ಒಪ್ಪುವುದಿಲ್ಲ. ಹಿತ್ತಲಿನ ಬೇಲಿ ದಾಟಿದರೆ ಹೊಲ. ಅಂಗಳದ ಅಲಂಕಾರ ಹೊಲದ ಕಳೆಯಾಗದಂತೆ ನೋಡಿಕೊಳ್ಳುವುದು ಅತ್ಯವಶ್ಯಕ.

ಬೋಳು ಅಂಗಳದಲ್ಲಿ ಆಗುವುದೇನು?

ಬರಿ ನೆಲಕ್ಕೆ ಬಿದ್ದ ಮಳೆಹನಿ ಮಣ್ಣಿನ ಹರಳುಗಳನ್ನು ಒಡೆಯುತ್ತದೆ. ಒಡೆದ ನುಣುಪು ಮಣ್ಣು ಮೇಲ್ಪದರದ ರಂಧ್ರಗಳನ್ನು ಮುಚ್ಚುತ್ತದೆ. ಕೆಂಪು ಮಣ್ಣಿನಲ್ಲಿ ಇದು ಒಣಗಿ ಗಟ್ಟಿಪದರವಾಗುತ್ತದೆ. ಆಗ ನೀರು ಇಂಗದೆ ಹರಿಯತೊಡಗುತ್ತದೆ. ದಿನವೂ ಪೊರಕೆಯಿಂದ ಗುಡಿಸುವಾಗ ಸಡಿಲವಾದ ಮಣ್ಣೂ ಕಸದೊಡನೆ ಹೋಗುತ್ತದೆ.

ಸೂರಿನಿಂದ ಬೀಳುವ ನೀರಿನ ಲೆಕ್ಕ ನೋಡುವುದು ಒಳ್ಳೆಯದು. ಒಂದು ಚದರ ಮೀಟರ್ ಜಾಗದಲ್ಲಿ ಬಿದ್ದ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ನೆಲದ ಅಳತೆಯಲ್ಲಿ 80 ಚದರ ಮೀಟರ್ ಮುಚ್ಚುವ ಹೆಂಚಿನ ಮಾಡಿನ ಮೇಲೆ 25 ಮಿ.ಮೀ. ಮಳೆಯಾದರೆ 2,000 ಲೀಟರ್ ನೀರು ಸೂರಿನ ಸಾಲಿನಲ್ಲಿಯೇ ಬೀಳುತ್ತದೆ. ಈ ಹೊಡೆತವನ್ನು ಯಾವ ಎಳೆಯ ಸಸಿಯೂ ತಾಳದು. ಆದುದರಿಂದ ಸೂರಿನ ಕೆಳಗೆ ಒಂದೂವರೆ ಅಡಿ ಅಗಲಕ್ಕೆ ದಪ್ಪ ಜಲ್ಲಿ ಅಥವಾ ಒಡೆದ ಹೆಂಚಿನ ಚೂರು ಹರಡಿ, ಅದರ ಆಚೆಗೆ ಸಸ್ಯಗಳನ್ನು ನೆಡಬೇಕು.

ಇಡೀ ಅಂಗಳವನ್ನು ಹಸಿರಿನಿಂದ ಮುಚ್ಚಬೇಕೆಂದಿಲ್ಲ. ರಂಗೋಲಿ ಇಡುವ ಬಾಗಿಲ ಮುಂದಿನ ಜಾಗ, ಕಾಳು ಒಣಗಿಸುವ ಜಾಗ, ಗಾಡಿ ತಿರುಗುವ ಜಾಗ ಇವನ್ನು ಬಿಟ್ಟು ಇಳಿಜಾರಿನ ಅಂಚು, ಮರದ ಬುಡ, ಬಾವಿಯ ಸುತ್ತು ಮತ್ತು ನೀರು ಹೊರಹೋಗುವ ದಾರಿಯಲ್ಲಿ ಹೊದಿಕೆ ಇದ್ದರೆ ಸಾಕು.

ಆಯ್ಕೆಗೆ ಮುನ್ನ ಮೂರು ಪ್ರಶ್ನೆಗಳು

ಸಸ್ಯವನ್ನು ತರುವ ಮೊದಲು ಕೆಳಗಿನ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದುಕೊಳ್ಳಬೇಕು.

1. ಇದು ಗಾಳಿಯಲ್ಲಿ ಅಥವಾ ನೀರಿನಲ್ಲಿ ಸಾಗುವ ಬೀಜ ಕಟ್ಟುತ್ತದೆಯೇ?
2. ಕತ್ತರಿಸಿ ಬಿಸಾಡಿದ ತುಂಡು ಗಿಣ್ಣಿನಲ್ಲಿ ಬೇರು ಬಿಟ್ಟು ಮತ್ತೆ ಚಿಗುರುತ್ತದೆಯೇ?
3. ನೆಲದೊಳಗೆ ಕಾಂಡ ಅಥವಾ ಗಡ್ಡೆ ಓಡುತ್ತದೆಯೇ?

ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಆ ಸಸ್ಯವನ್ನು ನಿಶ್ಚಿಂತೆಯಿಂದ ನೆಡಬಹುದು. ಒಂದಕ್ಕೆ ‘ಹೌದು’ ಎಂದಾದರೆ ಅಂಚು ಕಟ್ಟಿ ಬೆಳೆಸಬೇಕು. ಎರಡು ಅಥವಾ ಮೂರಕ್ಕೆ ‘ಹೌದು’ ಎಂದಾದರೆ ಹೊಲದ ಪಕ್ಕದ ಹಿತ್ತಲಿಗೆ ತರದಿರುವುದೇ ಲೇಸು.

ಲಾವಂಚ

ಈ ಪರೀಕ್ಷೆಯಲ್ಲಿ ಮೊದಲ ಸ್ಥಾನ ಲಾವಂಚದ್ದು. ಹಿಂದೆ ವೆಟಿವೇರಿಯಾ ಎಂದೂ ಈಗ ಕ್ರೈಸೊಪೋಗನ್ ಜಿಜಾನಿಯಾಯ್ಡಿಸ್ ಎಂದೂ ಕರೆಯುವ ಈ ಹುಲ್ಲು ನಮ್ಮ ದೇಶದ್ದೇ. ಉತ್ತರ ಭಾರತದಲ್ಲಿ ತಾನಾಗಿ ಬೆಳೆಯುವ ಬಗೆ ಬೀಜ ಕಟ್ಟುತ್ತದೆ. ದಕ್ಷಿಣ ಭಾರತದಲ್ಲಿ ಬಹುಕಾಲದಿಂದ ಸಾಗುವಳಿಯಲ್ಲಿರುವ ಬಗೆಯಲ್ಲಿ ಮೊಳೆಯುವ ಬೀಜ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ತೆಂಡೆಗಳನ್ನು ಸ್ಥಳೀಯ ಹಳೆಯ ಪೊದೆಗಳಿಂದಲೇ ಪಡೆಯಬೇಕು.

ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಆಳಕ್ಕೆ ಇಳಿಯುತ್ತದೆ. ಅನುಕೂಲವಾದ ಮಣ್ಣಿನಲ್ಲಿ 2 ರಿಂದ 3 ಮೀಟರ್ ಆಳದವರೆಗೆ ಹೋಗುತ್ತದೆ. ಗುಂಡ್ಲುಪೇಟೆ ಸೀಮೆಯ ರೈತರು ಇದನ್ನು ತಲೆಮಾರುಗಳಿಂದ ಹೊಲದ ಗಡಿಯಲ್ಲಿ ಬೆಳೆಸಿಕೊಂಡು ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಸಂರಕ್ಷಣೆಗಾಗಿ ಲಾವಂಚದ ಸಾಲುಗಳನ್ನು ಪ್ರಚಾರಪಡಿಸತೊಡಗಿದಾಗ, ಈ ಗಡಿಸಾಲುಗಳು ಅದಕ್ಕೆ ಒಳ್ಳೆಯ ನಿದರ್ಶನವಾದವು.

ನೆಡುವ ಕ್ರಮ: ಮುಂಗಾರು ಹಿಡಿದ ಕೂಡಲೇ ಹಳೆಯ ಪೊದೆಯನ್ನು ಅಗೆದು, 2-3 ತೆಂಡೆಗಳಿರುವಂತೆ ಸೀಳಬೇಕು. ಗರಿಯನ್ನು 15 ರಿಂದ 20 ಸೆಂ.ಮೀ.ಗೂ ಬೇರನ್ನು 10 ಸೆಂ.ಮೀ.ಗೂ ಕತ್ತರಿಸಬೇಕು. ಅಂಗಳದ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಲು ಗುರುತಿಸಬೇಕು. ಇದಕ್ಕೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಸಾಲಿನಲ್ಲಿ 15 ಸೆಂ.ಮೀ.ಗೆ ಒಂದರಂತೆ ನೆಡಬೇಕು. 10 ಮೀಟರ್ ಸಾಲಿಗೆ ಸುಮಾರು 67 ಸಸಿಗಳು ಬೇಕಾಗುತ್ತವೆ. ಸತ್ತ ಸಸಿಗಳ ಜಾಗವನ್ನು ಅದೇ ಮಳೆಗಾಲದಲ್ಲಿ ತುಂಬಬೇಕು. ಸಾಲಿನಲ್ಲಿ ಒಂದೇ ಒಂದು ಕಿಂಡಿ ಉಳಿದರೂ ನೀರು ಅಲ್ಲಿಯೇ ನುಗ್ಗಿ ಕೊರಕಲು ಮಾಡುತ್ತದೆ. 2-3 ವರ್ಷಗಳಲ್ಲಿ ಸಾಲು ಒತ್ತಾಗಿ ಕೂಡಿಕೊಂಡು, ಅದರ ಹಿಂದೆ ಮಣ್ಣು ನಿಲ್ಲತೊಡಗುತ್ತದೆ.

ವರ್ಷಕ್ಕೆ ಎರಡು ಮೂರು ಬಾರಿ ಗರಿಯನ್ನು ಮೊಳಕಾಲೆತ್ತರಕ್ಕೆ ಕೊಯ್ಯಬೇಕು. ಎಳೆಯ ಗರಿಯನ್ನು ದನಗಳು ತಿನ್ನುತ್ತವೆ. ಬಲಿತ ಗರಿಯನ್ನು ತೆಂಗಿನ ಪಾತಿಗೆ ಹೊದಿಸಬಹುದು. ಲಾವಂಚಕ್ಕೆ ಪೂರ್ಣ ಬಿಸಿಲು ಬೇಕು. ಮರದ ನೆರಳಿನಲ್ಲಿ ಸಾಲು ತೆಳುವಾಗುತ್ತದೆ.

ಒಂದು ಎಚ್ಚರಿಕೆ ಮುಖ್ಯ. ಕುಡಿಯುವ ನೀರಿಗೆ ಹಾಕಲು, ಬೇಸಿಗೆಯ ತಟ್ಟಿಗೆ ಅಥವಾ ಮಾರಾಟಕ್ಕೆಂದು ಮಣ್ಣು ಕಾಯುವ ಸಾಲಿನ ಬೇರನ್ನು ಅಗೆಯಬಾರದು. ಅಗೆದ ಜಾಗದಲ್ಲಿ ಮೊದಲ ದೊಡ್ಡ ಮಳೆಗೇ ಮಣ್ಣು ಹೋಗುತ್ತದೆ. ಬೇರು ಬೇಕಾದವರು ಮರಳು ಮಿಶ್ರ ಮಣ್ಣು ತುಂಬಿದ ಚೀಲಗಳಲ್ಲಿ ಕೆಲವು ಪೊದೆಗಳನ್ನು ಪ್ರತ್ಯೇಕವಾಗಿ ಬೆಳೆಸಿಕೊಳ್ಳಬೇಕು.

ಮಜ್ಜಿಗೆ ಹುಲ್ಲು

ಇದೂ ಪೊದೆಯಾಗಿ ನಿಲ್ಲುವ ಹುಲ್ಲು. ಸಾಗುವಳಿಯಲ್ಲಿ ಹೂ ಬಿಡುವುದು ಅಪರೂಪ. ಬಾಗಿದ ಗರಿಗಳಿಂದ ನೋಟಕ್ಕೂ ಸುಂದರ. ಮಜ್ಜಿಗೆಗೆ, ಕಷಾಯಕ್ಕೆ ಮತ್ತು ಚಹಕ್ಕೆ ಎಲೆ ದೊರೆಯುತ್ತದೆ. ತೆಂಡೆಗಳನ್ನು 60 ಸೆಂ.ಮೀ. ಅಂತರದಲ್ಲಿ ಅಡುಗೆಮನೆಯ ಹಿಂಭಾಗದ ದಾರಿಯುದ್ದಕ್ಕೆ ನೆಡಬಹುದು. ನೀರು ನಿಲ್ಲುವ ಜಾಗ ಇದಕ್ಕೆ ಆಗದು. ಮೂರು ನಾಲ್ಕು ವರ್ಷಕ್ಕೊಮ್ಮೆ ಪೊದೆಯನ್ನು ಅಗೆದು, ಒಡೆದು ಮತ್ತೆ ನೆಡಬೇಕು. ಇಲ್ಲವಾದರೆ ನಡುಭಾಗ ಒಣಗಿ ಪೊದೆ ಬೋಳಾಗುತ್ತದೆ.

ಒಂದೆಲಗ

ತೇವವಿರುವ ಅರೆನೆರಳಿನ ಜಾಗಕ್ಕೆ ಒಂದೆಲಗವು ಉತ್ತಮ ಹೊದಿಕೆ. ಕರಾವಳಿಯಲ್ಲಿ ಇದನ್ನು ತಿಮರೆ ಎನ್ನುತ್ತಾರೆ. ಬಳ್ಳಿಯ ಗಿಣ್ಣುಗಳಲ್ಲಿ ಬೇರು ಬಿಡುತ್ತಾ ನಿಧಾನವಾಗಿ ಹಬ್ಬುತ್ತದೆ. ಬೇರು ಸಹಿತವಾದ ತುಂಡುಗಳನ್ನು 20 ರಿಂದ 30 ಸೆಂ.ಮೀ. ಅಂತರದಲ್ಲಿ ನೆಟ್ಟು, ಹಬ್ಬುವವರೆಗೆ ಕಳೆ ಕೀಳಬೇಕು. ತಂಬುಳಿ, ಚಟ್ನಿಗೆ ಎಲೆ ಬಳಸುವುದರಿಂದ ಬಚ್ಚಲಿನ ಸಾಬೂನು ನೀರು ಅಥವಾ ಕೊಟ್ಟಿಗೆಯ ಗಂಜಲ ಹರಿಯುವಲ್ಲಿ ಇದನ್ನು ಬೆಳೆಸಬಾರದು.

ಪಿಂಟೋ ನೆಲಗಡಲೆ

ನರ್ಸರಿಗಳಲ್ಲಿ ಹಳದಿ ಹೂವಿನ ಅಲಂಕಾರದ ನೆಲಗಡಲೆ ಎಂದು ದೊರೆಯುವ ಅರಾಕಿಸ್ ಪಿಂಟೊಯ್ ಬ್ರೆಜಿಲ್ ದೇಶದ ಸಸ್ಯ. ನಮ್ಮ ನೆಲಗಡಲೆಯ ಬಂಧು. ಬೇರುಗಂಟುಗಳ ಬ್ಯಾಕ್ಟೀರಿಯಾದ ನೆರವಿನಿಂದ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಅರೆನೆರಳನ್ನು ತಾಳುವುದರಿಂದ ತೆಂಗು, ಅಡಿಕೆ ಮರಗಳ ಬುಡಕ್ಕೆ ಹೊಂದುತ್ತದೆ. ಸೊಪ್ಪು ದನಗಳಿಗೆ ಮೇವಾಗುತ್ತದೆ.

ಮೂರು ನಾಲ್ಕು ಗಿಣ್ಣುಗಳಿರುವ ಕಾಂಡದ ತುಂಡುಗಳನ್ನು 25 ಸೆಂ.ಮೀ. ಚೌಕದಲ್ಲಿ ನೆಟ್ಟರೆ ಒಂದು ಚದರ ಮೀಟರಿಗೆ 16 ತುಂಡು ಬೇಕು. ಮೊದಲ ಕೆಲವು ತಿಂಗಳು ಬೆಳವಣಿಗೆ ನಿಧಾನ. ಆಗ ಎರಡು ಮೂರು ಬಾರಿ ಕಳೆ ಕೀಳದಿದ್ದರೆ ಕಳೆಯೇ ಗೆಲ್ಲುತ್ತದೆ. ಬೇಸಿಗೆಯಲ್ಲಿ ನೀರು ಬೇಕಾದ್ದರಿಂದ ಮಲೆನಾಡು, ಕರಾವಳಿ ಮತ್ತು ನೀರಾವರಿ ತೋಟಗಳಿಗೆ ಇದು ಸೂಕ್ತವೇ ಹೊರತು ಬಯಲುಸೀಮೆಯ ಒಣ ಅಂಗಳಕ್ಕಲ್ಲ.

ಇದರ ತುಂಡು ಬೇರು ಬಿಡುತ್ತದೆ. ಬೀಜ ನೆಲದೊಳಗೇ ಉಳಿಯುವುದರಿಂದ ಗಾಳಿಯಲ್ಲಿ ಸಾಗುವುದಿಲ್ಲ. ಎಂದರೆ ಎರಡನೆಯ ಪ್ರಶ್ನೆಗೆ ಉತ್ತರ ‘ಹೌದು’. ಆದುದರಿಂದ ಸುತ್ತ ಕಲ್ಲಿನ ಅಂಚು ಕಟ್ಟಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರಬಂದ ಬಳ್ಳಿಯನ್ನು ಕತ್ತರಿಸಬೇಕು.

ಗರಿಕೆ

ತುಳಿತವನ್ನು ಚೆನ್ನಾಗಿ ತಾಳುವ ಹುಲ್ಲು ಇದು. ದೇವರ ಪೂಜೆಗೂ ದನದ ಮೇವಿಗೂ ಬೇಕು. ಆದರೆ ಮೇಲೆ ಬಳ್ಳಿಯಾಗಿಯೂ ಒಳಗೆ ಕಾಂಡವಾಗಿಯೂ ಹಬ್ಬುತ್ತದೆ. ಬೀಜವನ್ನೂ ಕಟ್ಟುತ್ತದೆ. ಹೊಲದಲ್ಲಿ ಇದು ಎಂಥ ಕಳೆ ಎಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ. ಅಂಗಳದಲ್ಲಿ ಈಗಾಗಲೇ ಇದ್ದರೆ ಹೂಗೊಂಚಲು ಬರುವ ಮುನ್ನ ಕೊಯ್ದು ಮೇವಿಗೆ ಹಾಕಬೇಕು. ಹೊಲಕ್ಕೆ ತಾಗಿದ ಹಿತ್ತಲಲ್ಲಿ ಹೊಸದಾಗಿ ನೆಡಬಾರದು.

ದೂರವಿಡಬೇಕಾದ ಸಸ್ಯಗಳು

ಹೊಳೆಯುವ ಹಸಿರೆಲೆ, ಸೇವಂತಿಗೆಯಂಥ ಚಿಕ್ಕ ಹಳದಿ ಹೂವಿನ ವೆಡೆಲಿಯಾ ನೆಟ್ಟ ಕೆಲವೇ ತಿಂಗಳಲ್ಲಿ ನೆಲ ಮುಚ್ಚುತ್ತದೆ. ಅಮೆರಿಕದ ಉಷ್ಣವಲಯದಿಂದ ಅಲಂಕಾರಕ್ಕೆಂದು ತಂದ ಇದು ಪ್ರಪಂಚದ ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ 100ರ ಪಟ್ಟಿಯಲ್ಲಿದೆ. ಬೆರಳುದ್ದದ ತುಂಡು ಕಾಲುವೆ ನೀರಿನಲ್ಲಿ ತೇಲಿಹೋದರೂ ನಿಂತಲ್ಲಿ ಬೇರು ಬಿಡುತ್ತದೆ. ಬೇಲಿ, ಕಾಡುಗಳನ್ನು ಆವರಿಸಿರುವ ಲಂಟಾನವೂ ಅದೇ ಪಟ್ಟಿಯದು. ಅದನ್ನೂ 19ನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶಕ್ಕೆ ತಂದದ್ದು ಹೂದೋಟದ ಅಂದಕ್ಕಾಗಿಯೇ.

ಕಾರಂಜಿ ಹುಲ್ಲು ಎಂದು ಮಾರುವ ಪೆನಿಸೆಟಮ್ ಸಿಟೇಸಿಯಮ್ ಸಜ್ಜೆಯ ಬಂಧು. ಅದರ ರೋಮಭರಿತ ಬೀಜ ಗಾಳಿಯಲ್ಲಿ ಸಾಗುತ್ತದೆ. ಹವಾಯಿ ದ್ವೀಪಗಳಲ್ಲಿ ಇದು ತೋಟದಿಂದ ಹೊರಬಿದ್ದು ಒಣನೆಲವನ್ನೆಲ್ಲ ಹಬ್ಬಿ, ಕಾಡುಕಿಚ್ಚಿಗೆ ಉರುವಲಾಗಿದೆ. ಅಂಥ ಹುಲ್ಲು ಬೇಕೇ ಬೇಕೆನ್ನುವವರು ಕೆನ್ನೇರಳೆ ಗರಿಯ ತಳಿಯನ್ನು ಆರಿಸಬೇಕು. ಅದು ಬಹುಮಟ್ಟಿಗೆ ಮೊಳೆಯುವ ಬೀಜ ಕಟ್ಟುವುದಿಲ್ಲ.

ಅಂಗಳದಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ

ಅಲಂಕಾರದ ಸಸ್ಯ ಹೊಲ ಸೇರುವ ಸುಲಭವಾದ ದಾರಿ ತಿಪ್ಪೆ. ಕತ್ತರಿಸಿದ ಬಳ್ಳಿಯನ್ನು ಹಸಿಯಾಗಿಯೇ ತಿಪ್ಪೆಯ ಅಂಚಿಗೆ ಎಸೆಯುವುದು ರೂಢಿ. ಅಂಚಿನಲ್ಲಿ ಕಾವು ಸಾಲದೆ ತುಂಡುಗಳು ಜೀವ ಹಿಡಿದಿರುತ್ತವೆ. ಮುಂಗಾರಿಗೆ ಮುನ್ನ ಗೊಬ್ಬರದ ಗಾಡಿಯೊಡನೆ ಹೊಲಕ್ಕೆ ಹೋಗಿ ಮೊದಲ ಹದಕ್ಕೆ ಚಿಗುರುತ್ತವೆ.

ಆದುದರಿಂದ ಕತ್ತರಿಸಿದ ಭಾಗಗಳನ್ನು ಬಂಡೆ ಅಥವಾ ಸಿಮೆಂಟು ನೆಲದ ಮೇಲೆ ಹರಡಿ, ಗರಗರ ಎನ್ನುವಷ್ಟು ಒಣಗಿಸಬೇಕು. ಅನಂತರ ಮಾತ್ರ ತಿಪ್ಪೆಗೆ ಸೇರಿಸಬೇಕು. ಬೀಜವಿರುವ ತೆನೆಗಳನ್ನು ತಿಪ್ಪೆಗೆ ಹಾಕಲೇಬಾರದು.

ಹಾವು ಮತ್ತು ಗೆದ್ದಲಿನ ಭಯ

ಮನೆಯ ಹತ್ತಿರ ಹುಲ್ಲಿದ್ದರೆ ಹಾವು ಸೇರುತ್ತದೆ ಎಂಬ ಅಂಜಿಕೆ ನ್ಯಾಯವಾದದ್ದೇ. ಗೋಡೆಯಿಂದ ಆರು ಅಡಿಯೊಳಗೆ ಎತ್ತರದ ಪೊದೆ ಬೇಡ. ಅಲ್ಲಿ ನೆಲಕ್ಕೆ ಅಂಟಿ ಬೆಳೆಯುವ ಹೊದಿಕೆ ಮಾತ್ರ ಇರಲಿ. ಪೊದೆಯ ಬುಡದ ಒಣಗರಿಯನ್ನು ಕಾಲಕಾಲಕ್ಕೆ ತೆಗೆಯಬೇಕು. ಕಾಳು ಚೆಲ್ಲಿ ಇಲಿ ಸೇರಿದಲ್ಲಿ ಹಾವೂ ಬರುತ್ತದೆ. ಆದುದರಿಂದ ಇಲಿಬಿಲಗಳನ್ನು ಮುಚ್ಚಬೇಕು. ರಾತ್ರಿ ಪೊದೆಯ ಬಳಿ ಹೋಗುವಾಗ ದೀಪವನ್ನು ಮರೆಯಬಾರದು. ಒಣಹುಲ್ಲನ್ನು ಬಾಗಿಲು, ಕಂಬಗಳ ಬಳಿ ರಾಶಿ ಹಾಕಿದರೆ ಗೆದ್ದಲು ಹಿಡಿಯುತ್ತದೆ.

ಈ ಮುಂಗಾರಿಗೆ

ಮೊದಲ ಜೋರುಮಳೆಯ ದಿನ ನೀರು ಅಂಗಳದಲ್ಲಿ ಎಲ್ಲಿಂದ ಬಂದು ಎಲ್ಲಿ ಹೊರಹೋಗುತ್ತದೆ ಎಂಬುದನ್ನು ನೋಡಿ ಗೂಟ ನೆಟ್ಟು ಗುರುತಿಸಬೇಕು. ಕೆಂಪು ನೀರು ಹೊರಹೋಗುವ ಕಡೆ ಮೊದಲ ಲಾವಂಚದ ಸಾಲು ಬರಲಿ. ಉಳಿದ ಜಾಗಕ್ಕೆ ಬಿಸಿಲು, ನೆರಳು, ತೇವ ನೋಡಿ ಒಂದೊಂದಾಗಿ ಹೊದಿಕೆ ನೆಡಬಹುದು. ಎರಡು ಮೂರು ಮಳೆಗಾಲ ಕಳೆಯುವ ಹೊತ್ತಿಗೆ ಅಲ್ಲಿಂದ ಹೊರಬೀಳುವ ನೀರಿನ ಬಣ್ಣ ತಿಳಿಯಾದರೆ ಕೆಲಸ ಫಲಿಸಿತೆಂದು ತಿಳಿಯಬೇಕು. ಸಸ್ಯಗಳ ಗುರುತು ಮತ್ತು ನೆಡುವ ವಿಧಾನದ ಬಗ್ಗೆ ಸಂದೇಹವಿದ್ದಲ್ಲಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸುವುದು ಒಳ್ಳೆಯದು.