ಕಂಡ ಸಭೆ, ತಿಳಿದ ಸಭೆ: ಕಲಾಪಗಳ ನೇರ ಪ್ರಸಾರ ಮತ್ತು ಗಡಿನಾಡಿನ ಕನ್ನಡ

ಕನ್ನಡ ಶಾಸನಗಳನ್ನು ಓದಿದ ವಿದ್ಯಾರ್ಥಿಗಳಿಗೆ ‘ಮಹಾಜನರು’ ಎಂಬ ಮಾತು ಪರಿಚಿತ. ಅಗ್ರಹಾರದ ಮಹಾಜನರು ಕೂಡಿ ದತ್ತಿಯ ವಿಚಾರದಲ್ಲಿಯೋ ಭೂಮಿಯ ವಿಚಾರದಲ್ಲಿಯೋ ಕೈಗೊಂಡ ತೀರ್ಮಾನವು ಶಿಲೆಯ ಮೇಲೆ ಕೆತ್ತಲ್ಪಟ್ಟು ದೇವಾಲಯದ ಆವರಣದಲ್ಲಿ ನಿಲ್ಲುತ್ತಿತ್ತು. ತೀರ್ಮಾನವು ಎಲ್ಲರಿಗೂ ಕಾಣುವಂತಿರಬೇಕೆಂಬ ಆಶಯ ನಮ್ಮಲ್ಲಿ ಹೊಸದಲ್ಲ. ಆದರೆ ಶಾಸನವು ಹೇಳುವುದು ತೀರ್ಮಾನವನ್ನು ಮಾತ್ರ. ಆ ಸಭೆಯಲ್ಲಿ ಯಾರು ಪ್ರಶ್ನಿಸಿದರು, ಯಾರು ಒಪ್ಪಲಿಲ್ಲ, ಯಾರ ಮಾತಿಗೆ ಉತ್ತರ ದೊರೆಯಲಿಲ್ಲ ಎಂಬುದು ಕಲ್ಲಿನಲ್ಲಿಲ್ಲ. ಇಂದಿನ ವಿಡಿಯೋ ದಾಖಲೆಯು ತುಂಬಬಲ್ಲ ತೆರವು ಇದೇ. ಆ ತೆರವು ನಿಜವಾಗಿ ತುಂಬುವುದಕ್ಕೆ ಭಾಷೆ ಎಷ್ಟು ಮುಖ್ಯವೆಂಬುದು ಪ್ರಸ್ತುತ ಲೇಖನದ ವಿಷಯ.

ಕಾನೂನಿನ ನೆಲೆ

ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದಲ್ಲಿ ಸ್ಥಾನ ನೀಡಿತು. ಕೇರಳದ 1994ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆಯು ವಾರ್ಡಿನ ಮಟ್ಟದಲ್ಲಿ, ಕನಿಷ್ಠ ಮೂರು ತಿಂಗಳಿಗೊಮ್ಮೆ ಸೇರಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣವು ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಸಾರ್ವಜನಿಕ ಪ್ರಾಧಿಕಾರವು ತನ್ನ ಮಂಡಳಿ ಹಾಗೂ ಸಮಿತಿಗಳ ಸಭೆಗಳಿಗೆ ಸಾರ್ವಜನಿಕರಿಗೆ ಪ್ರವೇಶವಿದೆಯೇ, ಅವುಗಳ ನಡಾವಳಿ ಸಾರ್ವಜನಿಕರಿಗೆ ದೊರೆಯುತ್ತದೆಯೇ ಎಂಬುದನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು.

ಪ್ರಸಾರದ ಹಾದಿ

ನಮ್ಮ ಸಂಸತ್ತಿನ ಕಲಾಪವು ದೂರದರ್ಶನದಲ್ಲಿ ಮೊದಲು ಕಾಣಿಸಿದ್ದು 1989ರ ಡಿಸೆಂಬರ್ 20ರಂದು, ರಾಷ್ಟ್ರಪತಿಗಳ ಭಾಷಣದ ಸಂದರ್ಭದಲ್ಲಿ. 2006ರಲ್ಲಿ ಲೋಕಸಭಾ ಟಿವಿ ಆರಂಭವಾಯಿತು. ಕೇರಳ ವಿಧಾನಸಭೆಯ ‘ಸಭಾ ಟಿವಿ’ ಆರಂಭವಾದದ್ದು 2020ರಲ್ಲಿ. ಸಾಂವಿಧಾನಿಕ ಮಹತ್ವದ ಪ್ರಕರಣಗಳ ನೇರ ಪ್ರಸಾರಕ್ಕೆ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 26ರಂದು ಒಪ್ಪಿಗೆ ನೀಡಿತು. 2022ರಲ್ಲಿ ಅದು ಕಾರ್ಯರೂಪಕ್ಕೆ ಬಂತು.

ದೂರದರ್ಶನಕ್ಕೂ ಅಂತರ್ಜಾಲಕ್ಕೂ ಇಲ್ಲಿ ಒಂದು ವ್ಯತ್ಯಾಸವಿದೆ. ದೂರದರ್ಶನದ ಪ್ರಸಾರವು ಆ ಹೊತ್ತಿಗೆ ಮುಗಿಯುತ್ತದೆ. ಅಂತರ್ಜಾಲದಲ್ಲಿ ಅದು ಉಳಿಯುತ್ತದೆ. ಹಗಲು ಕೂಲಿಗೆ ಹೋಗುವ ಹೆಣ್ಣುಮಗಳು ಗ್ರಾಮಸಭೆಗೆ ಬರಲಾರಳು. ಆದರೆ ತನ್ನ ಓಣಿಯ ಕುಡಿಯುವ ನೀರಿನ ಬಗ್ಗೆ ಸದಸ್ಯರು ಕೊಟ್ಟ ಮಾತನ್ನು ರಾತ್ರಿ ಮನೆಯಲ್ಲಿ ಕೇಳಬಲ್ಲಳು, ಆರು ತಿಂಗಳ ನಂತರ ಅದನ್ನೇ ಎತ್ತಿ ತೋರಿಸಿ ಉತ್ತರ ಕೇಳಬಲ್ಲಳು.

ಕ್ಯಾಮೆರಾದ ಮಿತಿಗಳು

ಕ್ಯಾಮೆರಾ ಇಟ್ಟಮಾತ್ರಕ್ಕೆ ಸಭೆಯು ಪಾರದರ್ಶಕವಾಗುವುದಿಲ್ಲ. ಕಾರ್ಯಸೂಚಿ ಮುಂಚಿತವಾಗಿ ದೊರೆಯದಿದ್ದರೆ ನಾಲ್ಕು ಗಂಟೆಗಳ ವಿಡಿಯೋದಲ್ಲಿ ತನಗೆ ಬೇಕಾದ ಹತ್ತು ನಿಮಿಷವನ್ನು ಯಾರೂ ಹುಡುಕಲಾರರು. ತೀರ್ಮಾನವು ಬೇರೆಡೆ ಮೊದಲೇ ಆಗಿಹೋಗಿದ್ದರೆ ಪ್ರಸಾರವು ಬರಿಯ ಪ್ರದರ್ಶನವಾಗುತ್ತದೆ. ಇನ್ನು ತುಣುಕುಗಳ ಅಪಾಯ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಕಲಾಪದ ತುಣುಕುಗಳು ಎಲ್ಲೆಡೆ ಹರಿದಾಡಿದಾಗ ಸರ್ವೋಚ್ಚ ನ್ಯಾಯಾಲಯವು ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತು. ಕೊನೆಗೆ ಅದು ತಳೆದ ನಿಲುವು ಗಮನಾರ್ಹ: ಪ್ರಸಾರವನ್ನು ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ.

ಭಾಷೆಯ ಪ್ರಶ್ನೆ

ಎಲ್ಲಕ್ಕಿಂತ ದೊಡ್ಡ ಮಿತಿ ನಮ್ಮ ಅಂಗಳದಲ್ಲೇ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿನ ಕನ್ನಡಿಗರನ್ನು ಆಳುವ ಶಾಸನಸಭೆಯ ಮುಖ್ಯ ಭಾಷೆ ಮಲಯಾಳ. ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಸದಸ್ಯರಿಗೆ ಅನುಮತಿ ನೀಡಬಹುದೆಂದು ಸಂವಿಧಾನದ 210ನೆಯ ವಿಧಿ ಹೇಳುತ್ತದೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಆದರೆ ಆಡುವವರಿಗೆ ದೊರೆಯುವ ಈ ಅವಕಾಶವು ಕೇಳುವವರಿಗೆ ದೊರೆಯುವುದಿಲ್ಲ. ಕನ್ನಡವಷ್ಟೇ ಬಲ್ಲ ಹಿರಿಯರೊಬ್ಬರು ವಿಡಿಯೋದಲ್ಲಿ ಸಭೆಯನ್ನು ಕಾಣಬಲ್ಲರು, ತಿಳಿಯಲಾರರು.

ಯಂತ್ರಗಳು ನೆರವಿಗೆ ಬರುತ್ತಿವೆ. ಗ್ರಾಮಸಭೆಯ ಧ್ವನಿ ಮತ್ತು ವಿಡಿಯೋ ದಾಖಲೆಯಿಂದ ನಡಾವಳಿಯನ್ನು ಸಿದ್ಧಪಡಿಸುವ ‘ಸಭಾಸಾರ್’ ಎಂಬ ಸಾಧನವನ್ನು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಆರಂಭಿಸಿತು. ಆದರೆ ಎರಡು ಭಾಷೆಗಳ ನಡುವೆ ನಿಂತವರೇ ಬಲ್ಲ ಕೆಲವು ತೊಡಕುಗಳಿವೆ. ಮಲಯಾಳದಲ್ಲಿ ‘ಅವಕಾಶಂ’ ಎಂದರೆ ಹಕ್ಕು. ಕನ್ನಡದಲ್ಲಿ ‘ಅವಕಾಶ’ ಎಂದರೆ ಸಂದರ್ಭ, ಎಡೆ. ಮಲಯಾಳದ ಸಭೆಯಲ್ಲಿ ‘ಪ್ರಮೇಯಂ’ ಮಂಡನೆಯಾದರೆ ಅದು ನಿರ್ಣಯ, ಅರ್ಥಾತ್ ಠರಾವು. ಕನ್ನಡದ ವಿದ್ಯಾರ್ಥಿಗೆ ‘ಪ್ರಮೇಯ’ವು ರೇಖಾಗಣಿತದ ಮಾತು. ‘ಸಂಸಾರಂ’ ಅಲ್ಲಿ ಮಾತುಕತೆ, ಇಲ್ಲಿ ಮನೆವಾರ್ತೆ. ಸಂಸ್ಕೃತದಿಂದ ಬಂದ ಒಂದೇ ಪದವು ಎರಡು ನೆರೆಮನೆಗಳಲ್ಲಿ ಬೇರೆ ಬೇರೆ ಬದುಕನ್ನು ಬದುಕಿದೆ. ‘ಇದು ಭೂರಹಿತರ ಹಕ್ಕು’ ಎಂಬ ಮಾತು ‘ಇದು ಭೂರಹಿತರಿಗೆ ಒಂದು ಅವಕಾಶ’ ಎಂದು ಕನ್ನಡದ ನಡಾವಳಿಯಲ್ಲಿ ದಾಖಲಾದರೆ, ಕೇಳಿ ಪಡೆಯಬೇಕಾದದ್ದು ಕೊಟ್ಟರೆ ಪಡೆಯುವಂಥದ್ದಾಗುತ್ತದೆ. ಇಂಥ ಪಲ್ಲಟವನ್ನು ಗುರುತಿಸಿ ತಿದ್ದಬಲ್ಲವರು ಎರಡೂ ಭಾಷೆಗಳನ್ನು ಬಲ್ಲ ಗಡಿನಾಡಿನ ವಿದ್ಯಾರ್ಥಿಗಳು.

ಕುಂದುಕೊರತೆಗಳ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ. ಸಭೆಯಲ್ಲಿ ನಡೆದದ್ದು ತಿಳಿದಾಗಲೇ ಮನವಿ ಬರೆಯಲು ಸಾಧ್ಯ. ನಮ್ಮ ಭಾಷಾಭ್ಯಾಸಕ್ಕೆ ಪರೀಕ್ಷೆಯ ಆಚೆಗೂ ಒಂದು ಪ್ರಯೋಜನವಿದೆಯೆಂದರೆ ಅದು ಇಲ್ಲಿದೆ.

ಅಭ್ಯಾಸ

1. ಕೇರಳ ವಿಧಾನಸಭೆಯ ಒಂದು ಚರ್ಚೆಯ ಹದಿನೈದು ನಿಮಿಷಗಳ ಭಾಗವನ್ನು ವೀಕ್ಷಿಸಿ, ವಿಷಯ, ವಾದ, ಪ್ರತಿವಾದ, ತೀರ್ಮಾನ ಎಂಬ ಕ್ರಮದಲ್ಲಿ ಕನ್ನಡದಲ್ಲಿ ನಡಾವಳಿ ಬರೆಯಿರಿ.
2. ಅದೇ ಭಾಗದಲ್ಲಿ ರೂಪದಲ್ಲಿ ಒಂದೇ ಆಗಿದ್ದು ಅರ್ಥದಲ್ಲಿ ಬೇರೆಯಾದ ಪದಗಳನ್ನು ಪಟ್ಟಿ ಮಾಡಿ, ಆಡಳಿತ ಕನ್ನಡದ ಸಮಾನಪದಗಳನ್ನು ಕೊಡಿರಿ.
3. ‘ಕಾಣುವಂತಿರುವುದೇ ತೆರೆದಿರುವುದಲ್ಲ’ – ಶಾಸನಗಳನ್ನೂ ನೇರ ಪ್ರಸಾರವನ್ನೂ ಹೋಲಿಸಿ ಚರ್ಚಿಸಿರಿ.