ಕೊಯ್ನಾ ಭೂಕಂಪ: ಪ್ರಮಾಣ ಒಂದು, ತೀವ್ರತೆ ಹಲವು

1967ರ ಡಿಸೆಂಬರ್ 11ರ ಬೆಳಗಿನ ಜಾವ, ನಾಲ್ಕು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ, ಸಾತಾರಾ ಜಿಲ್ಲೆಯ ಕೊಯ್ನಾನಗರದಲ್ಲಿ ಭೂಮಿ ನಡುಗಿತು. ಸುಮಾರು 180 ಜನ ಸತ್ತರು. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಊರಿನ ಹೆಚ್ಚಿನ ಮನೆಗಳು ಬಿದ್ದವು, ಇಲ್ಲವೆ ವಾಸಕ್ಕೆ ಬಾರದಂತಾದವು. ಸುಮಾರು 200 ಕಿ.ಮೀ. ದೂರದ ಮುಂಬಯಿಯಲ್ಲೂ ಮಲಗಿದ್ದವರು ಗಾಬರಿಯಿಂದ ಎದ್ದರು. ಪುಣೆ, ಗೋವಾ, ಬೆಳಗಾವಿಗಳಲ್ಲೂ ನೆಲ ಅಲುಗಿತು.

ಹಾಗಾದರೆ ಈ ಭೂಕಂಪ ಎಷ್ಟು ದೊಡ್ಡದು? ಇದಕ್ಕೆ ಎರಡು ಉತ್ತರಗಳಿವೆ. ನಾವು ಸಾಮಾನ್ಯವಾಗಿ ಎರಡನ್ನೂ ಕಲಸಿಬಿಡ್ತೇವೆ.

ಮೊದಲನೆಯದು ಪ್ರಮಾಣ. ನೆಲದಾಳದಲ್ಲಿ ಬಿಡುಗಡೆಯಾದ ಶಕ್ತಿಯನ್ನು ಇದು ತಿಳಿಸುತ್ತದೆ. ಕೊಯ್ನಾದ್ದು ಸುಮಾರು 6.3. ಯಾವ ಊರಲ್ಲಿ ಕೂತು ಲೆಕ್ಕ ಹಾಕಿದರೂ ಈ ಅಂಕಿ ಒಂದೇ. ಎರಡನೆಯದು ತೀವ್ರತೆ, ಅಂದರೆ ಆಯಾ ಊರಲ್ಲಿ ಆದ ಅನುಭವ ಮತ್ತು ಹಾನಿ. ಇದಕ್ಕೆ ಹನ್ನೆರಡು ಮೆಟ್ಟಿಲುಗಳ ಅಳತೆ ಉಂಟು. ಊರಿಂದ ಊರಿಗೆ ಬದಲಾಗುತ್ತದೆ. ಜಾತ್ರೆಯಲ್ಲಿ ಡೊಳ್ಳಿಗೆ ಬೀಳುವ ಪೆಟ್ಟು ಒಂದೇ. ಪಕ್ಕದಲ್ಲಿ ನಿಂತವನ ಎದೆ ನಡುಗುತ್ತೆ. ಕೆರೆಯಾಚೆಯವನಿಗೆ ಬರೀ ಸದ್ದು ಕೇಳುತ್ತೆ.

ಕಂಪನ ಇಷ್ಟು ದೂರ ಹೋದದ್ದೇಕೆ? ದಖನ್ನಿನ ಕಪ್ಪುಕಲ್ಲಿನ ಕೆಳಗಿರುವುದು ಬಹು ಹಳೆಯ, ಗಟ್ಟಿ ಶಿಲೆ. ಇಂಥ ಶಿಲೆಯಲ್ಲಿ ಅಲೆಗಳು ಬೇಗ ಸೊರಗುವುದಿಲ್ಲ. 'ಗಟ್ಟಿ ನೆಲ, ಇಲ್ಲಿ ಭೂಕಂಪದ ಭಯವಿಲ್ಲ' ಅನ್ನೋ ನಂಬಿಕೆಗೆ ಅಂದೇ ಪೆಟ್ಟು ಬಿತ್ತು. 1970ರಲ್ಲಿ ದೇಶದ ಭೂಕಂಪ ವಲಯಗಳ ನಕ್ಷೆ ತಿದ್ದಿದಾಗ ಕೊಯ್ನಾ ಪ್ರದೇಶ ನಾಲ್ಕನೆಯ ವಲಯಕ್ಕೆ ಏರಿತು.

ಕಾರಣವನ್ನು ಹುಡುಕಿದವರ ಕಣ್ಣು ಜಲಾಶಯದ ಮೇಲೆ ಬಿತ್ತು. 1960ರ ದಶಕದ ಆರಂಭದಲ್ಲಿ ನೀರು ತುಂಬಿದ ಮೇಲೆ ಅಲ್ಲಿ ಸಣ್ಣ ಕಂಪನಗಳು ಶುರುವಾಗಿದ್ದವು. ಮೊದಲೇ ಬಿಗಿದುಕೊಂಡಿದ್ದ ಬಿರುಕುಗಳೊಳಗೆ ನೀರಿನ ಒತ್ತಡ ಸೇರಿ, ಶಿಲೆ ಜಾರಲು ದಾರಿಯಾಯಿತು ಎಂಬುದು ವಿಜ್ಞಾನಿಗಳ ವಿವರಣೆ. 103 ಮೀಟರ್ ಎತ್ತರದ ಅಣೆಕಟ್ಟು ಸೀಳು ಬಿಟ್ಟರೂ ನಿಂತಿತು. ಆಮೇಲೆ ಅದನ್ನು ಬಲಪಡಿಸಿದರು. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಯನ್ನು ಕೂಡಿ ಕರ್ನಾಟಕಕ್ಕೇ ಬರುವುದರಿಂದ, ಅದು ನಿಂತದ್ದು ನಮಗೂ ಸಣ್ಣ ಮಾತಲ್ಲ.

ಈಗ 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ನೋಡೋಣ. ಪ್ರಮಾಣ ಹೆಚ್ಚುಕಡಿಮೆ ಕೊಯ್ನಾದಷ್ಟೇ. ಸತ್ತವರು ಮಾತ್ರ ಹತ್ತು ಸಾವಿರದ ಹತ್ತಿರ! ಅಲ್ಲಿ ಹಳ್ಳಿಗಳು ಒತ್ತಾಗಿದ್ದವು. ಮಣ್ಣಲ್ಲಿ ಕಲ್ಲು ಜೋಡಿಸಿದ ದಪ್ಪ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಒಳಗೆ ನಿದ್ದೆಯಲ್ಲಿದ್ದ ಜನ. ನಮ್ಮ ಬೀದರ, ಕಲಬುರ್ಗಿ ಕಡೆಯ ಹಳೆಯ ಮಾಳಿಗೆ ಮನೆಗಳೂ ಇದೇ ಜಾತಿಯವು. ಗೋಡೆಯ ಎರಡು ಮೈಗಳನ್ನೂ ಹಿಡಿದಿಡುವ ಉದ್ದಕಲ್ಲು, ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ, ಮೇಲಿನ ಮಣ್ಣಿನ ಹೊರೆ ಕಡಿಮೆ ಮಾಡುವುದು: ಇಷ್ಟರಿಂದಲೇ ಜೀವ ಉಳಿದೀತು.

ಮಿತ್ರರೇ, 1967ನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ: ಆಗ ಯಾವ ಊರಲ್ಲಿದ್ದಿರಿ, ಎಷ್ಟನೆಯ ಮಹಡಿ, ಪಾತ್ರೆ ಬಿದ್ದವೆ, ಗೋಡೆ ಬಿರಿಯಿತೆ? ತೀವ್ರತೆಯ ನಕ್ಷೆಯ ಗೆರೆಗಳನ್ನು ಎಳೆಯುವುದು ಇಂಥ ಉತ್ತರಗಳನ್ನು ಕೂಡಿಸಿಯೇ.